ಸ್ಟೋರ್ಸಿನ ಕಿಟಕಿ

೧೨ ಜೂನ್ ೨೦೦೬, ಸೋಮವಾರ

ಇವತ್ತು ಆಸ್ಪತ್ರೆಯ ಸ್ಟೋರ್ಸಿನ ಕಿಟಕಿ ಮುಚ್ಚಿದರು. ಬಡಗಿ ಬಂದು ಪ್ಲೈವುಡ್ ಹಲಗೆ ಹೊಡೆದ. ಅದರ ಮೇಲೆ ‘ಇಂಡೆಂಟ್ ಮೊಬೈಲ್ ಮೂಲಕ ಮಾತ್ರ’ ಎಂಬ ಕಾಗದ ಅಂಟಿಸಿ ಹೋದ. ಹೀಗೆ ಮುಚ್ಚಿಸಿ ಎಂದು ಬರೆದುಕೊಟ್ಟವನೇ ನಾನು, ಆದ್ದರಿಂದ ದೂರುವುದಕ್ಕೆ ಯಾರೂ ಇಲ್ಲ. ಆದರೂ ಮೊಳೆ ಹೊಡೆಯುವ ಸದ್ದು ನಿಲ್ಲುವ ತನಕ ಒಂದೇ ಡಬ್ಬದ ಸಿರಿಂಜುಗಳನ್ನು ಮೂರು ಸಲ ಎಣಿಸಿದೆ. ಔಷಧ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿಯಲ್ಲಿ ಒಂದಕ್ಷರವೂ ಬಿದ್ದಿರಲಿಲ್ಲ. ಯಾರಿಗೂ ಹೇಳುವ ಹಾಗಿಲ್ಲ, ಇದಕ್ಕಾದರೂ ಹೇಳೋಣ ಎಂದು ತೆಗೆದೆ.

ಬರೆಯುವುದಾದರೆ ಮೊದಲಿನಿಂದ ಬರೆಯಬೇಕು. ಸ್ಟೋರ್ಸಿನವನ ಚಾಳಿ ಇದು, ಆರಂಭದ ದಾಸ್ತಾನು ಇಲ್ಲದೆ ಏನೂ ಶುರುವಾಗುವುದಿಲ್ಲ. ದಾವಣಗೆರೆಯಲ್ಲಿ ಆಶಾರಾಣಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇರಲಾರದೆ ಬೆಂಗಳೂರಿಗೆ ಬಂದೆ. ಹಲಸೂರು ಕೆರೆಯ ಹಿಂದಿರುವ ಈ ಟ್ರಸ್ಟ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹತ್ತಿ, ಗಾಜ್, ಸಿರಿಂಜು, ಸಲೈನ್ ಬಾಟಲಿಗಳ ನಡುವೆ ನೆಮ್ಮದಿಯಾಗಿ ಕುಳಿತೆ. ವಾರ್ಡುಗಳ ಸಿಸ್ಟರುಗಳು ಬೇಕಾದ ಸಾಮಾನು ಬರೆದ ಇಂಡೆಂಟ್ ಪುಸ್ತಕ ಹಿಡಿದು ಕಿಟಕಿಗೆ ಬರುತ್ತಿದ್ದರು. ನಾನು ಗೊಣಗುತ್ತಾ ಸಾಮಾನು ಕೊಡುತ್ತಿದ್ದೆ. ಗೊಣಗದಿದ್ದರೆ ಸ್ಟೋರ್ಸಿನವನಿಗೆ ಬೆಲೆಯಿಲ್ಲ.

ಎಲ್ಲರಿಗಿಂತ ಹೆಚ್ಚು ಸಲ ಬರುತ್ತಿದ್ದವರು ಮೂರನೇ ಮಹಡಿಯ ಹೆರಿಗೆ ವಾರ್ಡಿನ ಪ್ರತಿಭಾ ಸಿಸ್ಟರ್. ರಾಣೇಬೆನ್ನೂರಿನವರು, ಮದುವೆಯಾಗಿಲ್ಲ. ಗ್ಲೌಸ್ ಒಯ್ದು ಸ್ವಲ್ಪ ಹೊತ್ತಿಗೆ ಪ್ಲಾಸ್ಟರ್ ಮರೆತೆ ಎಂದು ಬರುವರು, ಮಧ್ಯಾಹ್ನ ಸ್ಪಿರಿಟ್ ಬೇಕೆನ್ನುವರು, ಸಂಜೆ ಒಂದೇ ಒಂದು ಹತ್ತಿಯ ಉಂಡೆಗೆ ಮತ್ತೆ ಬರುವರು. ಹಿಂದೆ ಸ್ಕೂಟರಿನಿಂದ ಬಿದ್ದು ಅವರ ಮೊಣಕಾಲಿಗೆ ಏಟಾಗಿತ್ತು. ಲಿಫ್ಟು ರೋಗಿಗಳಿಗೂ ಸಾಮಾನಿಗೂ ಮಾತ್ರ. ಅವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದು ನನಗೆ ಕೆಳಗಿನಿಂದಲೇ ಕೇಳಿಸುತ್ತಿತ್ತು. ಬಂದವರೇ ‘ಊಟ ಆತೇನ್ರಿ?’ ಎಂದು ನಮ್ಮ ಕಡೆಯ ಮಾತಿನಲ್ಲಿ ಕೇಳುವರು. ಕೆಲವು ದಿನ ಕಾಗದದಲ್ಲಿ ಖಾರ ಮಂಡಕ್ಕಿ ಕಟ್ಟಿಕೊಂಡು ಬಂದು ಕಿಟಕಿಯ ಕಟ್ಟೆಯ ಮೇಲಿಡುವರು. ಅವರು ಹೊರಗೆ, ನಾನು ಒಳಗೆ, ಮಾತಾಡುತ್ತಾ ತಿನ್ನುತ್ತಿದ್ದೆವು.

ಅವರ ಕಾಲು ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. ಅದೇ ಹೊತ್ತಿಗೆ ಟ್ರಸ್ಟಿನವರು, ದಾಸ್ತಾನಿನ ವ್ಯವಸ್ಥೆ ಸುಧಾರಿಸುವುದು ಹೇಗೆಂದು ವರದಿ ಕೇಳಿದರು. ವಾರ್ಡಿಗೊಂದು ಸಣ್ಣ ಮೊಬೈಲು ಕೊಡಿ, ಬೇಕಾದ ಸಾಮಾನಿನ ನಂಬರು ಮತ್ತು ಎಷ್ಟು ಬೇಕೆಂಬುದನ್ನು ಮೆಸೇಜು ಮಾಡಲಿ, ಕಂಪ್ಯೂಟರು ಲೆಕ್ಕ ಇಟ್ಟುಕೊಳ್ಳಲಿ, ಟ್ರಾಲಿಯಲ್ಲಿ ಸಾಮಾನು ಮೇಲೆ ಹೋಗಲಿ, ಯಾರೂ ಇಳಿದು ಬರುವುದು ಬೇಡ ಎಂದು ಬರೆದುಕೊಟ್ಟೆ. ಉದಾಹರಣೆಗೆ ಹೆರಿಗೆ ವಾರ್ಡನ್ನೇ ಕೊಟ್ಟೆ.

ಮೀಟಿಂಗಿನಲ್ಲಿ ನಮ್ಮ ಆಡಳಿತಾಧಿಕಾರಿ ಶ್ರೀನಿವಾಸಮೂರ್ತಿಯವರು ಅದನ್ನು ಎಲ್ಲರೆದುರು ಓದಿದರು. ‘ಹೆರಿಗೆ ವಾರ್ಡಿನವರು ಅತ್ಯಂತ ಹೆಚ್ಚು ಸಲ, ಅತ್ಯಂತ ಕಡಿಮೆ ಸಾಮಾನಿಗೆ ಬರುತ್ತಾರಂತೆ!’ ಎಂದಾಗ ಎಲ್ಲರೂ ನಕ್ಕರು. ಪ್ರತಿಭಾ ಸಿಸ್ಟರ್ ನನ್ನ ಕಡೆ ನೋಡಿ, ‘ಇನ್ಮೇಲೆ ಬರಲ್ಲ ಬಿಡಿ ಸಾರ್’ ಎಂದರು. ಇಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ನನಗೆ ಖುಷಿಯಾಗಿತ್ತು.

ಇವತ್ತು ಅವರ ವಾರ್ಡಿನಿಂದ ಮೊದಲ ಮೆಸೇಜು ಬಂತು. ಇಡೀ ವಾರಕ್ಕಾಗುವ ಸಾಮಾನು, ಒಂದೇ ಸಲಕ್ಕೆ. ಒಂದು ತಪ್ಪಿಲ್ಲ.

೧೪ ಜೂನ್

ಯಾರೂ ಬರಲಿಲ್ಲ. ನೆಲಮಾಳಿಗೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ಅದನ್ನೂ ಕಂಪ್ಯೂಟರನ್ನೂ ಮೇಲೆ ಮುಂಭಾಗದ ಮೆಟ್ಟಿಲ ತಿರುವಿನಲ್ಲಿ ಒಂದು ಮೇಜು ಹಾಕಿ ಇಟ್ಟಿದ್ದಾರೆ. ನಾನು ಹತ್ತಿ ನೋಡುತ್ತೇನೆ, ಇಳಿದು ಕಟ್ಟುತ್ತೇನೆ, ಆಯಾ ಮುನಿಗಂಗಮ್ಮ ಟ್ರಾಲಿ ತಳ್ಳಿಕೊಂಡು ಹೋಗುತ್ತಾಳೆ. ಯಾರದೋ ಮೊಣಕಾಲಿನ ಕಷ್ಟ ತಪ್ಪಿಸಲು ಹೋಗಿ ನನ್ನ ಮೊಣಕಾಲಿಗೆ ತಂದುಕೊಂಡೆ.

ಡಬ್ಬಿ ಬಿಚ್ಚಿ ಊಟ ಮಾಡಿದೆ. ಅನ್ನ ತಣ್ಣಗಿತ್ತು. ಊಟ ಆಯಿತೇ ಎಂದು ಕೇಳುವವರಿಲ್ಲ.

೨೩ ಜೂನ್, ಶುಕ್ರವಾರ

ಇವತ್ತಿನದನ್ನು ಬರೆಯಲು ನಾಚಿಕೆಯಾಗುತ್ತದೆ.

ಈ ಮೊಬೈಲು ವ್ಯವಸ್ಥೆ ಮಾಡಿಕೊಟ್ಟದ್ದು ಇಂದಿರಾನಗರದ ಸಣ್ಣ ಕಂಪನಿ. ಅಲ್ಲಿಂದ ಆಶ್ರಿತಾ ಎಂಬ ಹುಡುಗಿ ವಾರಕ್ಕೊಮ್ಮೆ ಬಂದು ಕಂಪ್ಯೂಟರ್ ನೋಡಿಕೊಂಡು ಹೋಗುತ್ತಾಳೆ. ಚುರುಕು ಹುಡುಗಿ, ಬಾಯಿ ಮಾತ್ರ ಸ್ವಲ್ಪ ಜೋರು. ಶ್ರೀನಿವಾಸಮೂರ್ತಿಯವರೂ ಪಕ್ಕದಲ್ಲೇ ನಿಂತಿದ್ದರು.

‘ಸಾರ್, ಇದ್ಯಾವ ಐಟಂ?’ ಎಂದು ಕೂಗಿದಳು. ‘ಥರ್ಡ್ ಫ್ಲೋರ್‌ನಿಂದ ಬಂದಿದೆ. ಊಟ ಆತೇನ್ರಿ ಅಂತಿದೆ! ಈ ಹೆಸರಲ್ಲಿ ಯಾವ್ದಾದ್ರೂ ಇಂಜೆಕ್ಷನ್ ಇದ್ಯಾ?’

ಮೆಸೇಜು ಇಂಗ್ಲಿಷ್ ಅಕ್ಷರದಲ್ಲಿತ್ತು. ಅದರಲ್ಲಿ ಸಾಮಾನಿನ ನಂಬರು ಇಲ್ಲದ್ದರಿಂದ ಕಂಪ್ಯೂಟರು ಅದನ್ನು ಒಪ್ಪಿರಲಿಲ್ಲ. ಒಪ್ಪದ್ದನ್ನು ನನ್ನ ಪಟ್ಟಿಗೆ ಹಾಕದೆ, ತಾನೇ ಉತ್ತರ ಕಳಿಸುವಂತೆ ಮಾಡಿಟ್ಟಿದ್ದಾರೆ. ‘ಈ ಮೆಸೇಜು ತಪ್ಪಾಗಿದೆ. ಸರಿಪಡಿಸಿ ಮತ್ತೆ ಕಳುಹಿಸಿ’ ಎಂಬ ಉತ್ತರ ಹೋಗಿತ್ತು. ಮೊನ್ನೆ ಮಧ್ಯಾಹ್ನವೇ ಹೋಗಿತ್ತು. ಸ್ಟೋರ್ಸಿನ ಹೆಸರಿನಲ್ಲಿ, ಎಂದರೆ ನನ್ನ ಹೆಸರಿನಲ್ಲಿ.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಯಾರ್ರೀ ಇದು, ಶಿವಶರಣ? ನಿಮ್ಮನ್ನೇ ವಿಚಾರಿಸ್ಕೊಂಡಿರೋ ಹಾಗಿದೆ!’

‘ಯಾರೋ ಮನೆಗೆ ಕಳ್ಸೋದನ್ನ ತಪ್ಪಾಗಿ ಇಲ್ಲಿಗೆ ಕಳ್ಸಿದಾರೆ ಸಾರ್’ ಎಂದೆ.

‘ಹೇಳ್ಬಿಡಿ ಅವರಿಗೆ. ಆಫೀಸಿನ ಮೊಬೈಲಲ್ಲಿ ಇಂಥದ್ದೆಲ್ಲ ಬೇಡ.’

‘ಹೇಳ್ತೀನಿ ಸಾರ್.’

ಏನಂತ ಹೇಳಲಿ? ಊಟ ಆತ್ರಿ, ನಿಮ್ಮದಾತೇನ್ರಿ ಎಂದು ಹೇಳಬೇಕಾಗಿತ್ತು. ಎರಡು ದಿನ ತಡವಾಯಿತು.

೨೪ ಜೂನ್

ಮೂರನೇ ಮಹಡಿಗೆ ಹೋದೆ. ಡಾಕ್ಟರು ರೌಂಡ್ಸಿನಲ್ಲಿದ್ದರು, ಪ್ರತಿಭಾ ಸಿಸ್ಟರ್ ಅವರ ಹಿಂದೆ ಫೈಲು ಹಿಡಿದು ಹೋಗುತ್ತಿದ್ದರು. ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಅಗ್ನಿಶಾಮಕದ ಡಬ್ಬ ಪರೀಕ್ಷಿಸುವವನ ಹಾಗೆ ಮಾಡಿ ವಾಪಸು ಬಂದೆ. ಅದರ ಅವಧಿ ಮುಗಿದಿತ್ತು, ಬದಲಾಯಿಸಲು ಬರೆದೆ.

೯ ಜುಲೈ, ಭಾನುವಾರ

ರಜಾ ದಿನ ನನಗೆ ಆಗಿಬರುವುದಿಲ್ಲ. ಮರ್ಫಿ ಟೌನಿನ ಈ ಒಂದು ಕೋಣೆಯ ಮನೆಯಲ್ಲಿ ಬೆಳಿಗ್ಗೆಯಿಂದ ಮೂರು ಸಲ ನೆಲ ಒರೆಸಿದೆ. ಪಕ್ಕದ ಮನೆಯಲ್ಲಿ ತಮಿಳು ಟೀವಿ, ಎದುರು ಮನೆಯಲ್ಲಿ ಬಿರಿಯಾನಿಯ ಘಮ. ಎಲ್ಲ ಮನೆಯಲ್ಲೂ ಯಾರೋ ಯಾರನ್ನೋ ಕೂಗುತ್ತಿದ್ದರು.

ಆಶಾರಾಣಿಯ ಫೋಟೋಗೆ ಹೂವಿಟ್ಟೆ. ಅವಳು ಇದ್ದಾಗ ಹೇಳುತ್ತಿದ್ದಳು, ‘ನಿಮಗ ದೇವರು ಬಾಯಿ ಕೊಟ್ಟಿದ್ದು ಬರೀ ಉಣ್ಣಾಕ.’ ನಗುತ್ತಾ ಹೇಳುತ್ತಿದ್ದಳು. ಅವಳಿಗೆ ನಾನು ಮಾತಾಡಬೇಕಾಗಿರಲಿಲ್ಲ, ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದಳು. ಹಾಗೆ ತಿಳಿದುಕೊಳ್ಳುವವರು ಒಬ್ಬರು ಸಿಕ್ಕಿದರೆ ಅದೇ ಹೆಚ್ಚು, ಇನ್ನೊಬ್ಬರನ್ನು ಬಯಸುವುದು ದುರಾಸೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ.

ಇವತ್ತು ಫೋಟೋದ ಮುಂದೆ ನಿಂತು ಒಪ್ಪಿಕೊಂಡೆ. ನನಗೆ ಪ್ರತಿಭಾ ಬೇಕು. ಅವರು ಮೆಟ್ಟಿಲಿಳಿಯುವ ಸದ್ದು ಕೇಳದೆ ದಿನ ಕಳೆಯುವುದು ಕಷ್ಟವಾಗಿದೆ. ಆಶಾರಾಣಿ ಕೋಪಿಸಿಕೊಂಡ ಹಾಗೆ ಕಾಣಲಿಲ್ಲ.

ಸರಿಯಾದ ಸಮಯ ನೋಡಿ ಮಾತಾಡಬೇಕು.

೨೦ ಜುಲೈ, ಗುರುವಾರ

ಮಧ್ಯಾಹ್ನ ಹೆರಿಗೆ ವಾರ್ಡಿನಿಂದ ತುರ್ತು ಮೆಸೇಜು. ಶಿವಾಜಿನಗರದ ಉಮ್ಮೆ ಕುಲ್ಸುಂ ಎಂಬ ಹೆಣ್ಣುಮಗಳಿಗೆ ಹೆರಿಗೆಯಾದ ಮೇಲೆ ರಕ್ತ ನಿಲ್ಲುತ್ತಿರಲಿಲ್ಲ. ಇಂಜೆಕ್ಷನ್, ಡ್ರಿಪ್ ಸೆಟ್ಟು, ಸಲೈನ್ ಎಲ್ಲ ಕೇಳಿದ್ದರು. ಮುನಿಗಂಗಮ್ಮ ಟ್ರಾಲಿ ತರುವಷ್ಟರಲ್ಲಿ ನಾನು ಡಬ್ಬ ಹೆಗಲಿಗೇರಿಸಿ ಓಡಿದೆ. ಈ ವಯಸ್ಸಿನಲ್ಲಿ ಮೂರು ಮಹಡಿ ಹೇಗೆ ಹತ್ತಿದೆನೋ. ಬಾಗಿಲಲ್ಲಿ ಪ್ರತಿಭಾ ಕೈಚಾಚಿ ತೆಗೆದುಕೊಂಡರು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದೆ.

ಬಹಳ ಹೊತ್ತಿನ ಮೇಲೆ ಹೊರಬಂದರು. ಮುಖದ ತುಂಬ ಬೆವರು. ನನ್ನ ಪಕ್ಕ ಕುಳಿತು, ‘ಉಳಿದ್ಲು ರೀ’ ಎಂದರು. ಕಣ್ಣಲ್ಲಿ ನೀರಿತ್ತು.

‘ಮಗು?’

‘ಹೆಣ್ಣು. ಗಟ್ಟಿ ಐತಿ, ಇಡೀ ವಾರ್ಡ್ ಎಬ್ಬಿಸೇತಿ.’ ಸೆರಗಿನಿಂದ ಮುಖ ಒರೆಸಿಕೊಂಡು, ‘ನೀವ್ಯಾಕ ಓಡಿ ಬಂದ್ರಿ? ಟ್ರಾಲಿ ಐತಲ್ಲ’ ಎಂದು ಕೇಳಿದರು.

‘ಲಿಫ್ಟ್ ಮ್ಯಾಲಿತ್ತು.’

‘ಅದಕ್ಕಷ್ಟೇನಾ?’

ನನ್ನ ಮುಖವನ್ನೇ ನೋಡುತ್ತಿದ್ದರು. ಸರಿಯಾದ ಸಮಯ ಎಂದರೆ ಅದೇ ಇದ್ದಿರಬೇಕು. ನನ್ನ ಬಾಯಿಂದ ಬಂದದ್ದು, ‘ಸಿಸ್ಟಂ ಎಷ್ಟು ಬೇಗ ಕೆಲಸ ಮಾಡ್ತದ ಅಂತ ನೋಡ್ದಂಗಾತು.’

ಅವರು ಎದ್ದು ನಿಂತರು. ‘ಚಲೋ ಐತಿ ಬಿಡ್ರಿ ನಿಮ್ಮ ಸಿಸ್ಟಂ. ಯಾರೂ ಯಾರ ಮುಖಾನೂ ನೋಡೂದು ಬ್ಯಾಡ’ ಎಂದು ಒಳಗೆ ಹೋದರು. ಆಯಾಸವಾಗಿತ್ತು ಪಾಪ.

ಸಾಹೇಬರಿಗೆ ಸಂಭ್ರಮ. ಹಳೆಯ ಹಾಗೆ ಪುಸ್ತಕ ಹಿಡಿದು ಇಳಿದಿದ್ದರೆ ಆ ಜೀವ ಹೋಗುತ್ತಿತ್ತು ಎಂದು ಎಲ್ಲರಿಗೂ ಹೇಳುತ್ತಿದ್ದಾರೆ. ನಿಜ. ಕಿಟಕಿ ಮುಚ್ಚಿದ್ದು ತಪ್ಪಲ್ಲ, ಅದನ್ನು ನಾನು ಒಪ್ಪಲೇಬೇಕು. ಆ ಮನೆಯವರು ಆಸ್ಪತ್ರೆಗೆಲ್ಲ ಜಿಲೇಬಿ ಹಂಚಿದರು. ನನ್ನ ಪಾಲಿನದನ್ನು ಮುನಿಗಂಗಮ್ಮನಿಗೆ ಕೊಟ್ಟೆ.

೪ ಆಗಸ್ಟ್, ಶುಕ್ರವಾರ

ದೊಡ್ಡನೆಕ್ಕುಂದಿಯಲ್ಲಿ ನಮ್ಮ ಟ್ರಸ್ಟಿನ ಹೊಸ ಶಾಖೆ ಸಿದ್ಧವಾಗಿದೆ. ಅಲ್ಲಿಗೆ ಬೇರೆ ಸ್ಟೋರ್ಸು ಇಲ್ಲ, ಮೊಬೈಲಿನಲ್ಲೇ ಇಲ್ಲಿಂದ ತರಿಸಿಕೊಳ್ಳುವುದು. ಅದನ್ನೆಲ್ಲ ನೋಡಿಕೊಳ್ಳಲು ಒಬ್ಬ ಸಿಸ್ಟರ್ ಬೇಕು.

‘ಯಾರ ಮೆಸೇಜು ಕರೆಕ್ಟಾಗಿರುತ್ತೆ ಹೇಳ್ರೀ, ಅವರನ್ನೇ ಕಳ್ಸೋಣ’ ಎಂದರು ಸಾಹೇಬರು.

ಕರೆಕ್ಟಾಗಿರುವುದು ಒಬ್ಬರದೇ. ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಆದರೂ ಮೆಸೇಜುಗಳ ಪಟ್ಟಿಯನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಆಮೇಲೆ ಯೋಚಿಸಿದೆ. ಅಲ್ಲಿ ಇನ್‌ಚಾರ್ಜ್ ಹುದ್ದೆ, ಮಹಡಿ ಹತ್ತುವ ಗೋಳಿಲ್ಲ, ಅವರು ಅಣ್ಣನ ಜೊತೆ ಇರುವುದು ಜೀವನ್ ಬಿಮಾ ನಗರದಲ್ಲಿ, ಅಲ್ಲಿಂದ ಒಂದೇ ಬಸ್ಸು. ನನ್ನ ಸ್ವಾರ್ಥಕ್ಕೆ ಅವರಿಗೆ ಸಿಗುವುದನ್ನು ತಪ್ಪಿಸಲೇ? ಹೆಸರು ಹೇಳಿದೆ. ಹೇಳಿದ್ದನ್ನು ಬರೆದೂ ಕೊಡಿ ಎಂದರು. ‘ಇವರಷ್ಟು ಜವಾಬ್ದಾರಿಯ ಸಿಸ್ಟರ್ ಈ ಆಸ್ಪತ್ರೆಯಲ್ಲಿ ಬೇರೆ ಇಲ್ಲ’ ಎಂದು ಬರೆದೆ. ಸಹಿ ತಪ್ಪಿತು, ಹೊಡೆದುಹಾಕಿ ಮತ್ತೆ ಹಾಕಿದೆ. ಪೆನ್ನು ಸರಿಯಿಲ್ಲ.

ನನ್ನ ಶಿಫಾರಸು ನೋಡಿ ಅವರಿಗೆ ಸಂತೋಷವಾಗುತ್ತದೆ. ಆ ಸಂತೋಷದಲ್ಲಿ ಒಮ್ಮೆ ಕೆಳಗೆ ಬರಬಹುದು.

೭ ಆಗಸ್ಟ್, ಸೋಮವಾರ

ಬಂದದ್ದು ಅವರಲ್ಲ, ಎರಡನೇ ಮಹಡಿಯ ಸುರಯ್ಯಾ ಸಿಸ್ಟರ್. ಪ್ರತಿಭಾರ ಗೆಳತಿ. ನಾನು ಸಲೈನ್ ಪೆಟ್ಟಿಗೆ ಜೋಡಿಸುತ್ತಿದ್ದೆ. ಒಳಗೆ ಬಂದವರೇ ಬಾಗಿಲು ಮುಂದೆ ಮಾಡಿದರು.

‘ಅಲ್ಲ ಸಾಬ್, ನಿಮ್ಗೆ ಪ್ರತಿಭಾ ಮೇಲೆ ಏನು ದ್ವೇಷ?’

‘ದ್ವೇಷ? ನಾನು ಅವರಿಗೆ ಒಳ್ಳೇದಾಗ್ಲಿ ಅಂತ...’

‘ಒಳ್ಳೇದು! ಮೊದ್ಲು ಎಲ್ಲರ ಮುಂದೆ ಅವಳು ಸುಮ್ಸುಮ್ನೆ ಬರ್ತಾಳೆ ಅಂತ ಬರೆದ್ರಿ. ಆಮೇಲೆ ಕಿಟಕಿಗೆ ಹಲಗೆ ಹೊಡಿಸಿದ್ರಿ. ಊಟ ಆಯ್ತಾ ಅಂತ ಕೇಳಿದ್ರೆ ತಪ್ಪು ಮೆಸೇಜು ಅಂತ ಉತ್ತರ ಕೊಟ್ರಿ. ಈಗ ಊರಾಚೆಗೆ ಕಳಿಸ್ತಿದೀರಿ. ಇನ್ನೇನು ಬಾಕಿ ಇಟ್ಟಿದೀರಾ?’

ಆ ಉತ್ತರ ಕಂಪ್ಯೂಟರಿನದು, ನನ್ನದಲ್ಲ ಎಂದೆ. ಅವರ ಮೊಣಕಾಲು ನೋಡಲಾರದೆ ಇದನ್ನೆಲ್ಲ ಮಾಡಿದೆ ಎಂದೆ. ದಿನಕ್ಕೆ ಅಷ್ಟು ಸಲ ಆ ಕಾಲಿನಲ್ಲಿ ಇಳಿದು ಬರುವುದು, ಅದೂ ಒಂದು ಹತ್ತಿಯ ಉಂಡೆಗೆ, ಎಂದೆ.

ಸುರಯ್ಯಾ ಹಣೆ ಚಚ್ಚಿಕೊಂಡರು. ‘ಯಾ ಅಲ್ಲಾ! ಅವಳು ಹತ್ತಿಗೋಸ್ಕರ ಬರ್ತಿದ್ಳಾ? ವಾರ್ಡಿನ ಬೀರು ತುಂಬ ಹತ್ತಿ ಇತ್ತು ಸಾಬ್. ಬೇಕು ಬೇಕು ಅಂತಾನೇ ಅರ್ಧ ಸಾಮಾನು ಬಿಟ್ಟು ಬರ್ತಿದ್ಳು, ಮತ್ತೆ ಬರೋಕೆ ಒಂದು ನೆಪ ಇರ್ಲಿ ಅಂತ. ಇಡೀ ಆಸ್ಪತ್ರೆಗೆ ಗೊತ್ತಿತ್ತು. ನಿಮ್ಗೊಬ್ರಿಗೆ ಬಿಟ್ಟು.’

ಪೆಟ್ಟಿಗೆಯ ಮೇಲೆ ಕುಳಿತೆ.

‘ಶನಿವಾರ ಅವಳ ಕೊನೇ ದಿನ’ ಎಂದರು ಸುರಯ್ಯಾ. ದನಿ ಸ್ವಲ್ಪ ಮೆತ್ತಗಾಗಿತ್ತು. ‘ಹೋಗ್ಬೇಡ ಅಂತ ಒಂದು ಮಾತು ಹೇಳಿ ಸಾಬ್. ಹೋಗಲ್ಲ ಅವಳು.’

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ. ನಾನು ಪ್ರೀತಿಗಾಗಿ ಮಾಡಿದ್ದೆಲ್ಲ ಅವರ ಕಣ್ಣಿಗೆ ಬಾಗಿಲು ಹಾಕಿದ ಹಾಗೆ ಕಂಡಿದೆ. ನನ್ನ ಕೈಯಾರೆ ಹಾಕಿದ ಬಾಗಿಲು. ಅಯ್ಯೋ ದೇವರೇ.

೮ ಆಗಸ್ಟ್

ನಾಳೆ ಹೇಳುತ್ತೇನೆ.

೯ ಆಗಸ್ಟ್

ನೂಲಹುಣ್ಣಿಮೆ ಹಬ್ಬಕ್ಕೆಂದು ಪ್ರತಿಭಾ ರಜೆ ಹಾಕಿದ್ದಾರೆ ಎಂದರು. ಹಬ್ಬ ಮುಗಿಯಲಿ.

೧೨ ಆಗಸ್ಟ್, ಶನಿವಾರ

ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ವಾರ್ಡಿನಲ್ಲಿ ಅವರಿಗೆ ಬೀಳ್ಕೊಡುಗೆ, ಸುತ್ತ ಜನ. ಅಷ್ಟು ಜನರ ನಡುವೆ ಏನು ಹೇಳುವುದು? ಅವರ ವಾರ್ಡಿನ ದಾಸ್ತಾನು ಒಪ್ಪಿಸಿಕೊಟ್ಟದ್ದಕ್ಕೆ ಕೊನೆಯದಾಗಿ ಒಂದು ಮೆಸೇಜು ಬರಬೇಕಿತ್ತು, ಅದು ನಿಯಮ. ಅದು ಬಂದ ಕೂಡಲೇ ಮೇಲೆ ಹೋಗೋಣ, ಆಗ ಒಬ್ಬರೇ ಇರುತ್ತಾರೆ ಎಂದು ಮೆಟ್ಟಿಲ ತಿರುವಿನಲ್ಲಿ ಮೊಬೈಲಿನ ಮುಂದೆ ಕಾದು ಕುಳಿತೆ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಊಟಕ್ಕೂ ಏಳಲಿಲ್ಲ.

ಮೆಸೇಜು ಬರಲಿಲ್ಲ. ಡ್ಯೂಟಿ ಬದಲಾಗುವ ಹೊತ್ತಿಗೆ ಮುನಿಗಂಗಮ್ಮ ಬಂದಳು.

‘ಏನ್ ಸಾರ್ ಇಲ್ಲೇ ಕುಂತವ್ರೆ? ಪ್ರತಿಭಮ್ಮ ಬಂದಿದ್ರಲ್ಲ, ನೋಡ್ನಿಲ್ವಾ?’

‘ಎಲ್ಲಿಗೆ?’

‘ಕೆಳೀಕೆ, ಸ್ಟೋರ್ಸ್‌ಗೆ. ನನ್ ಟ್ರಾಲಿ ಜೊತೆ ಹಿಂದಿನ ಲಿಫ್ಟಾಗೆ ಬಂದ್ರು. ಆ ಹಲಗೆ ತಟ್ಟಿ ತಟ್ಟಿ ನೋಡಿದ್ರು. ಸಾರ್ ಇಲ್ಲ ಅಮ್ಮ, ಮೇಲೆ ಮೊಬೈಲ್ ಅತ್ರ ಅವ್ರೆ, ಕರೀಲಾ ಅಂದೆ. ಮೊಬೈಲ್ ಹತ್ರಾನೇ ಇರ್ಲಿ ಬಿಡು ಅಂದ್ಬುಟ್ರು.’

‘ಈಗೆಲ್ಲಿದ್ದಾರೆ?’

‘ಅವ್ರಣ್ಣ ಸ್ಕೂಟರ್ ತಂದಿದ್ರು. ಒಂಟೋದ್ರು.’

ಗೇಟಿನವರೆಗೆ ಓಡಿದೆ. ಕೆರೆಯ ಕಡೆಯಿಂದ ಬಸ್ಸುಗಳು ಬರುತ್ತಿದ್ದವು. ಎಷ್ಟು ಸ್ಕೂಟರುಗಳು ಈ ಊರಲ್ಲಿ. ವಾಪಸು ಬಂದು ನೆಲಮಾಳಿಗೆಗೆ ಇಳಿದು ಆ ಹಲಗೆಯ ಮುಂದೆ, ಹೊರಗಡೆ, ಅವರು ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಅಲ್ಲಿಂದ ಸ್ಟೋರ್ಸು ಹೇಗೆ ಕಾಣುತ್ತದೆಂದು ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ. ಈಗ ಪ್ಲೈವುಡ್ಡು ಮಾತ್ರ ಕಾಣುತ್ತದೆ.

೨ ಸೆಪ್ಟೆಂಬರ್

ದೊಡ್ಡನೆಕ್ಕುಂದಿಯಿಂದ ಮೆಸೇಜುಗಳು ಬರುತ್ತವೆ. ಬೆಳಿಗ್ಗೆ ಒಂದು, ಸಂಜೆ ಒಂದು. ನಂಬರು, ಎಷ್ಟು ಬೇಕು, ಅಷ್ಟೇ. ಆ ಮೆಸೇಜಿನ ಸದ್ದಿಗೆ ಎದೆ ಹಾರುತ್ತದೆ, ನೋಡಿದರೆ ಬ್ಯಾಂಡೇಜು. ವಿಳಾಸ ಗೊತ್ತು, ಬಸ್ಸು ಗೊತ್ತು. ಹೊಸ ಜಾಗ, ಅವರು ಸ್ವಲ್ಪ ಹೊಂದಿಕೊಳ್ಳಲಿ, ಈಗಲೇ ಹೋಗಿ ತೊಂದರೆ ಕೊಡುವುದು ಬೇಡ ಎಂದುಕೊಂಡೆ.

ಅವರಿಗೆ ಕಳಿಸುವ ಪೆಟ್ಟಿಗೆಯನ್ನು ಮುನಿಗಂಗಮ್ಮನಿಗೆ ಬಿಡುವುದಿಲ್ಲ, ನಾನೇ ಕಟ್ಟುತ್ತೇನೆ.

೧ ಅಕ್ಟೋಬರ್

ದಸರಾ ಕಳೆಯಲಿ.

೨೨ ಅಕ್ಟೋಬರ್

ದೀಪಾವಳಿ. ಬೀದಿಯ ಮಕ್ಕಳು ಪಟಾಕಿ ಹೊಡೆಯುತ್ತಿದ್ದಾರೆ. ಬಾಗಿಲು ಹಾಕಿಕೊಂಡು ಮಲಗಿದ್ದೆ, ಅಳು ಬಂತು. ಆಶಾರಾಣಿ ಹೋದಾಗ ನಾಲ್ಕು ಜನ ಬಂದು ಸಮಾಧಾನ ಹೇಳಿದರು. ಇದಕ್ಕೆ ಯಾರು ಬರುತ್ತಾರೆ? ಏನಾಯಿತೆಂದು ಕೇಳಿದರೆ ಏನೂ ಆಗಿಲ್ಲ ಎಂದೇ ಹೇಳಬೇಕು.

ಸಾಹೇಬರು ಮುಂದಿನ ತಿಂಗಳು ಆ ಶಾಖೆಯ ದಾಸ್ತಾನು ಪರಿಶೀಲಿಸಿ ಬನ್ನಿ ಎಂದಿದ್ದಾರೆ. ಅದೇ ಸರಿ. ಕೆಲಸದ ಮೇಲೆ ಹೋದ ಹಾಗೂ ಆಗುತ್ತದೆ. ಈ ಸಲ ತಪ್ಪಿಸುವುದಿಲ್ಲ, ಆಶಾರಾಣಿಯ ಮೇಲಾಣೆ, ನೇರವಾಗಿ ಕೇಳುತ್ತೇನೆ. ನನ್ನನ್ನು ಮದುವೆಯಾಗುತ್ತೀರಾ ಎಂದು, ಇಷ್ಟೇ ಮಾತಿನಲ್ಲಿ.

೮ ನವೆಂಬರ್, ಬುಧವಾರ

ಹೋಗಿ ಬಂದೆ.

ಮಾರತಹಳ್ಳಿ ದಾಟಿದರೆ ಬರೀ ಧೂಳು, ಕಟ್ಟುತ್ತಿರುವ ಕಟ್ಟಡಗಳು. ನಮ್ಮ ಶಾಖೆ ಕಾರ್ಖಾನೆಗಳ ಸಾಲಿನ ಪಕ್ಕದಲ್ಲಿದೆ. ಪ್ರತಿಭಾ ಬಾಗಿಲಲ್ಲೇ ಇದ್ದರು. ಸ್ವಲ್ಪ ಸೊರಗಿದ್ದಾರೆ. ಕಾಲು ಮಾತ್ರ ವಾಸಿ, ಎಳೆಯದೆ ನಡೆಯುತ್ತಿದ್ದರು. ಅದನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು.

ಬೀರುಗಳನ್ನೆಲ್ಲ ತೆಗೆದು ತೋರಿಸಿದರು. ಮೊಬೈಲಿನಲ್ಲಿದ್ದುದಕ್ಕೂ ಬೀರುವಿನಲ್ಲಿದ್ದುದಕ್ಕೂ ಒಂದು ಸೂಜಿಯಷ್ಟೂ ವ್ಯತ್ಯಾಸವಿರಲಿಲ್ಲ. ನಾನು ನೋಡುತ್ತಿದ್ದೆನೇ ಹೊರತು ಎಣಿಸುತ್ತಿರಲಿಲ್ಲ. ಆಮೇಲೆ ಅವರ ಕೋಣೆಯಲ್ಲಿ ಟೀ ತರಿಸಿದರು. ಎದುರುಬದುರು ಕುಳಿತೆವು. ನಮ್ಮಿಬ್ಬರ ನಡುವೆ ಗೋಡೆಯಿಲ್ಲದೆ ಹೀಗೆ ಟೀ ಕುಡಿದದ್ದು ಇದೇ ಮೊದಲು.

‘ಆ ಮೆಸೇಜಿಗೆ ಉತ್ತರ ಕೊಟ್ಟಿದ್ದು ನಾನಲ್ರಿ’ ಎಂದೆ. ‘ಕಂಪ್ಯೂಟರ್ ತಾನ ಕಳಿಸಿದ್ದು.’

‘ಗೊತ್ತಾತು. ಸುರಯ್ಯಾ ಹೇಳಿದ್ಲು.’ ಲೋಟ ಕೆಳಗಿಟ್ಟರು. ‘ನಾನು ಅದರ ಉತ್ತರಕ್ಕ ಬ್ಯಾಸರ ಮಾಡ್ಕೊಂಡಿದ್ದಿಲ್ರಿ. ನಿಮ್ಮ ಉತ್ತರ ಬರ್ಲಿಲ್ಲಲ್ಲ, ಅದಕ್ಕ.’

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು.

‘ಮುಂದಿನ ತಿಂಗಳು ನನ್ನ ಮದುವಿ.’

ಮುತ್ತುರಾಜ ಎಂದು ಹೆಸರು. ಅಣ್ಣನ ಜೊತೆ ವಿಮಾ ಕಚೇರಿಯಲ್ಲಿ ಕೆಲಸ. ಹೆಂಡತಿ ತೀರಿಕೊಂಡಿದ್ದಾರೆ, ಒಂದು ಚಿಕ್ಕ ಹೆಣ್ಣುಮಗು ಇದೆ.

‘ಒಳ್ಳೆಯವರೇನ್ರಿ?’

‘ಒಳ್ಳೆಯವ್ರು. ಮನೀಗೆ ಬಂದ್ರು, ಎದುರಿಗೆ ಕುಂತ್ರು, ಕೇಳಿದ್ರು. ಯಾರೂ ನನ್ನ ಹಂಗ ಕೇಳಿದ್ದಿಲ್ಲ.’

ಟೀ ಲೋಟ ಮೇಜಿನ ಮೇಲಿಟ್ಟೆ. ‘ಪ್ರತಿಭಾ’ ಎಂದೆ. ಅವರ ಹೆಸರನ್ನು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. ‘ನಾನೂ ಇವತ್ತು ಒಂದು ಮಾತು ಕೇಳಾಕ ಬಂದಿದ್ದೆ.’

ಅವರು ತಟ್ಟನೆ ಕೈ ಎತ್ತಿದರು. ‘ಈಗ ಕೇಳಬ್ಯಾಡ್ರಿ.’

‘ಯಾಕ್ರಿ?’

‘ಕೇಳಿದ್ರ ಹೂಂ ಅಂದ್ಬಿಡ್ತೀನಿ.’ ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ. ‘ಆ ಮಗು ಆಗ್ಲೇ ನನ್ನ ಅವ್ವ ಅಂತ ಕರಿತೈತಿ.’

ಹೊರಗೆ ಕಾರ್ಖಾನೆಯ ಸೈರನ್ ಕೂಗಿತು. ಜನ ಗೇಟಿನಿಂದ ಹೊರಬರುವ ಗದ್ದಲ ಕೇಳಿಸಿತು. ಆ ಗದ್ದಲ ಮುಗಿಯುವವರೆಗೂ ಪ್ರತಿಭಾ ಏಳಲಿಲ್ಲ. ಕೆಲಸವಿದ್ದರೂ ಹೋಗಲಿಲ್ಲ. ಕೈ ಕೆಳಗಿಳಿಸಿ, ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತಾ ಕುಳಿತಿದ್ದರು. ಒಬ್ಬ ನರ್ಸ್ ಬಾಗಿಲಿಗೆ ಬಂದು ಕರೆದಳು, ‘ಒಂದ್ನಿಮಿಷ ಇರು’ ಎಂದು ಅವಳನ್ನೂ ಕಳಿಸಿದರು. ಮತ್ತೆ ನನ್ನನ್ನೇ ನೋಡಿದರು.

ನಾನು ಕೇಳಲಿಲ್ಲ. ಬೇಡ ಎಂದ ಮೇಲೆ ಅವರ ಮಾತಿಗೆ ಮರ್ಯಾದೆ ಕೊಡಬೇಕಲ್ಲ.

ಕೊನೆಗೆ ಅವರು ಎದ್ದು, ‘ಆತು ಹಂಗಾರ’ ಎಂದರು. ಪರಿಶೀಲನೆಯ ಕಾಗದಕ್ಕೆ ಸಹಿ ಹಾಕಿ ಕೊಟ್ಟರು. ಮದುವೆಗೆ ಬರಬೇಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೇಟಿನ ತನಕ ಬಂದು ಅಲ್ಲೇ ನಿಂತರು. ರಸ್ತೆ ದಾಟಿ ತಿರುಗಿ ನೋಡಿದೆ, ಇನ್ನೂ ನಿಂತಿದ್ದರು.

ಒಂದು ಮಗುವಿಗೆ ತಾಯಿ ಸಿಕ್ಕಳು, ಅವರಿಗೆ ಸಂಸಾರ ಸಿಕ್ಕಿತು, ನಾನು ಅಡ್ಡ ಬರಲಿಲ್ಲ. ಸರಿಯಾದದ್ದನ್ನೇ ಮಾಡಿದೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಾ ಬಂದೆ. ಎಷ್ಟು ಸಲ ಹೇಳಿಕೊಂಡೆನೋ, ಹಲಸೂರು ಬಂದದ್ದು, ಹೋದದ್ದು ಯಾವುದೂ ತಿಳಿಯಲಿಲ್ಲ.

‘ಶಿವಾಜಿನಗರ, ಲಾಸ್ಟ್ ಸ್ಟಾಪ್. ಇಳೀರಿ ಸಾರ್’ ಎಂದ ಕಂಡಕ್ಟರ್.

ಇಳಿದೆ. ಆ ಬಸ್‌ ನಿಲ್ದಾಣದ ಜನಜಂಗುಳಿಯ ನಡುವೆ ಕಂಬಕ್ಕೊರಗಿ ನಿಂತು, ಬಾಯಿಬಿಟ್ಟು ಕೇಳಿದೆ. ಮನಸ್ಸಿನಲ್ಲಿ ಹೇಳಿಕೊಂಡಿದ್ದ ಹಾಗೇ, ನನ್ನನ್ನು ಮದುವೆಯಾಗುತ್ತೀರಾ ಎಂದು, ಇಷ್ಟೇ ಮಾತಿನಲ್ಲಿ. ಪಕ್ಕದಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸು ತಲೆಯೆತ್ತಿ, ‘ಎಷ್ಟು ಮೊಳ ಬೇಕಣ್ಣ?’ ಎಂದಳು.